ಬೇತಾಳನ ಕಥೆಯ ಶ್ರವಣ: ಹಟ್ಟಿಕೇರಿಯ ಒಂದು ಜಗಲಿಯಿಂದ ಕೆಲವು ವಿಚಾರಗಳು

ಇತಿಹಾಸವನ್ನು ಅಭ್ಯಸಿಸುವವರಿಗೆ ಶಾಸನಗಳು ದೊರೆಯುತ್ತವೆ, ತಾಳೆಗರಿಗಳು ದೊರೆಯುತ್ತವೆ, ಸರಕಾರದ ದಫ್ತರಗಳು ದೊರೆಯುತ್ತವೆ. ಕಿವಿಯ ಸಾಕ್ಷ್ಯವು ಮಾತ್ರ ದೊರೆಯುವುದು ದುರ್ಲಭ. ಒಂದು ಗ್ರಂಥವನ್ನು ರಚಿಸಿದವರಾರು, ಅದಕ್ಕೆ ಆಶ್ರಯವಿತ್ತವರಾರು, ಪ್ರತಿ ಮಾಡಿದ ಲಿಪಿಕಾರನಾರು ಎಂಬುದನ್ನೆಲ್ಲ ನಾವು ವಿಚಾರಿಸುತ್ತೇವೆ. ಆ ಗ್ರಂಥವನ್ನು ಯಾರೋ ಒಬ್ಬರು ದೀಪದ ಬೆಳಕಿನಲ್ಲಿ ಗಟ್ಟಿಯಾಗಿ ಓದಿದಾಗ ಸುತ್ತಲೂ ಕುಳಿತವರು ಎಲ್ಲಿ ಉಸಿರು ಬಿಗಿಹಿಡಿದರು, ಎಲ್ಲಿ ನಕ್ಕರು, ಎಲ್ಲಿ ಪಕ್ಕದವರ ಸೆರಗನ್ನು ಹಿಡಿದುಕೊಂಡರು ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ನಮ್ಮ ನಾಡಿನಲ್ಲಿ ಬಹುಕಾಲದವರೆಗೆ ಪುಸ್ತಕವೆಂಬುದು ಒಬ್ಬನು ಓದಿ ಹತ್ತು ಜನರು ಕೇಳುವ ವಸ್ತುವಾಗಿತ್ತು. ಆದುದರಿಂದ ಈ ಮೌನವನ್ನು ಸಣ್ಣ ಕೊರತೆಯೆಂದು ತಳ್ಳಿಹಾಕುವಂತಿಲ್ಲ.

ಪ್ರಸ್ತುತ ಲೇಖನದ ವಿಷಯವು ಇನ್ನೂ ಇಕ್ಕಟ್ಟಾದುದು. ದೆವ್ವದ ಕಥೆಗಳನ್ನು, ಅದರಲ್ಲಿಯೂ ಬಹಳ ಹಳೆಯವಾದ ಬೇತಾಳ ಕಥೆಗಳನ್ನು, ಇನ್ನೊಬ್ಬರು ಓದುವಾಗ ಕೇಳುವುದರಲ್ಲಿ ಒಂದು ಸುಖವಿದೆ. ಈ ಸುಖಕ್ಕೆ ಇತಿಹಾಸವುಂಟೆ? ಉಂಟಾದರೆ ಅದನ್ನು ಎಲ್ಲಿ ಹುಡುಕಬೇಕು?

ಸರಕಾರಿ ದಾಖಲೆಗಳಲ್ಲಂತೂ ಅದು ಸಿಕ್ಕುವುದಿಲ್ಲ. ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಆ ಪ್ರಾಂತದ ಗ್ಯಾಸೆಟಿಯರ್ ಮಾಲೆಯಲ್ಲಿ ಜೇಮ್ಸ್ ಕ್ಯಾಂಬೆಲರ ಸಂಪಾದಕತ್ವದಲ್ಲಿ 1883ರಲ್ಲಿ ಹೊರಬಂದ ಕೆನರಾ ಸಂಪುಟವು ಎರಡು ದೊಡ್ಡ ಭಾಗಗಳುಳ್ಳದ್ದು. ಈ ಜಿಲ್ಲೆಯನ್ನು ಕುರಿತು ಬರೆಯುವವರು ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗಲಾರರು. ಅದರಲ್ಲಿ ಹಾಲಕ್ಕಿ ಒಕ್ಕಲಿಗರು ಮೊದಲ್ಗೊಂಡು ಒಂದೊಂದು ಸಮುದಾಯದ ಮನೆ, ಉಡುಪು, ಊಟ, ಮದುವೆ, ಮರಣಗಳ ವಿವರವಿದೆ. ಅದರ ಜೊತೆಯಲ್ಲಿಯೇ, ಈ ಜನರು ಮಾಟವನ್ನು ನಂಬುತ್ತಾರೆ, ಕಣಿಯನ್ನು ನಂಬುತ್ತಾರೆ, ಪಿಶಾಚಿಗಳನ್ನು ನಂಬುತ್ತಾರೆ ಎಂಬ ಬಗೆಯ ವಾಕ್ಯಗಳು ಮತ್ತೆ ಮತ್ತೆ ಬರುತ್ತವೆ. ನಂಬುಗೆಯನ್ನು ಅಧಿಕಾರಿಗಳು ಎಣಿಸಿಕೊಂಡರು, ಕಥೆಯನ್ನು ಬಿಟ್ಟರು. ಪಿಶಾಚಿಯನ್ನು ನಂಬುವವರು ಇದ್ದಾರೆಂದು ಬರೆದವರು ಅದರ ಕಥೆಯನ್ನು ಕೇಳಿ ನಲಿಯುವವರೂ ಇದ್ದಾರೆಂದು ಬರೆಯಲಿಲ್ಲ. ಇವೆರಡೂ ಒಂದೇ ಎಂದು ಅವರು ಭಾವಿಸಿರಬೇಕು. ಅವರ ಕಾಲದ ಆಚೆಗೂ ಅನೇಕ ವಿದ್ಯಾವಂತರು ಹಾಗೆಯೇ ಭಾವಿಸುತ್ತ ಬಂದಿದ್ದಾರೆ.

ಇವೆರಡೂ ಬೇರೆಯೆಂಬುದು ನಮಗೆ ಮನವರಿಕೆಯಾದುದು ಹಟ್ಟಿಕೇರಿಯಲ್ಲಿ. ಕಾರವಾರದಿಂದ ಅಂಕೋಲೆಗೆ ಬರುವ ಹೆದ್ದಾರಿಯಲ್ಲಿ, ಅಂಕೋಲೆ ತಲಪುವುದಕ್ಕೆ ಮುಂಚೆ ಸಿಕ್ಕುವ ಗ್ರಾಮವಿದು. ಈಚಿನ ಪ್ರಯಾಣಿಕರಿಗೆ ಅಲ್ಲಿಯ ಟೋಲ್ ಗೇಟಿನಿಂದ ಮಾತ್ರ ಪರಿಚಿತವಾಗಿರಬಹುದು. ಕೆಲವು ವರ್ಷಗಳ ಹಿಂದೆ ಆಷಾಢದ ಒಂದು ರಾತ್ರಿ ಬೇರೊಂದು ಕೆಲಸಕ್ಕಾಗಿ ಹೋಗಿದ್ದ ನಾವು ಮಳೆಯಲ್ಲಿ ಸಿಕ್ಕಿಬಿದ್ದು ಅಲ್ಲಿಯ ಒಂದು ಮನೆಯಲ್ಲಿ ಉಳಿಯಬೇಕಾಯಿತು. ಕರೆಂಟು ಹೋಗಿತ್ತು. ಮನೆಯ ಹಿರಿಯರು ಜಗಲಿಯಲ್ಲಿ ಚಿಮಣಿ ದೀಪವನ್ನಿಟ್ಟುಕೊಂಡು, ರಕ್ಷಾಪುಟವಿಲ್ಲದ ಒಂದು ಹಳೆಯ ಬೇತಾಳ ಪಂಚವಿಂಶತಿಯನ್ನು ಓದುತ್ತಿದ್ದರು. ಜಾತ್ರೆಯ ಅಂಗಡಿಗಳಲ್ಲಿ ಮಾರುತ್ತಿದ್ದ ಅಗ್ಗದ ಮುದ್ರಣ; ಯಾವ ಊರಿನ ಯಾವ ಅಚ್ಚುಕೂಟದ್ದೆಂದು ತಿಳಿಯುವಂತಿರಲಿಲ್ಲ. ಐದಾರು ಮಕ್ಕಳು, ಇಬ್ಬರು ನೆರೆಯವರು, ಹಸಿಮೀನಿನ ಬುಟ್ಟಿಯನ್ನು ತೊಳೆದಿಟ್ಟು ಬಂದು ಕಂಬಕ್ಕೊರಗಿದ ಒಬ್ಬ ಹೆಂಗಸು, ಮತ್ತು ಮನೆಯ ಅಜ್ಜಿ, ಇವರು ಶ್ರೋತೃಗಳು. ಓದು ಒಂದು ಘಟ್ಟಕ್ಕೆ ಬಂದು ನಿಂತಾಗ, ಪಂಡಿತರ ದುರಭ್ಯಾಸದಿಂದ, "ಇದನ್ನೆಲ್ಲ ನೀವು ನಂಬುತ್ತೀರೇನಮ್ಮ?" ಎಂದು ಅಜ್ಜಿಯನ್ನು ಕೇಳಿದೆವು. ಆಕೆ ನಮ್ಮನ್ನು ಕನಿಕರದಿಂದ ನೋಡಿ, "ನಂಬೂಕೆ ಅಲ್ಲ ಮಾಸ್ತರ್ರೆ, ಕೇಳೂಕೆ" ಎಂದರು.

ಆ ಎರಡು ಕ್ರಿಯಾಪದಗಳ ಅಂತರವನ್ನು ಹಿಡಿದುಕೊಂಡು ಹಿಂದಕ್ಕೆ ಹೋದರೆ ನಾವು ಬೃಹತ್ಕಥೆಯ ಬಾಗಿಲಿಗೆ ಬರುತ್ತೇವೆ. ಭಾರತದ ಕಥಾಸಾಹಿತ್ಯದ ಈ ಮೂಲಗ್ರಂಥವು ಉಳಿದುಬಂದಿಲ್ಲ. ಸಾತವಾಹನ ರಾಜನ ಆಸ್ಥಾನದಲ್ಲಿದ್ದ ಗುಣಾಢ್ಯನು ಅದನ್ನು ಪೈಶಾಚೀ ಭಾಷೆಯಲ್ಲಿ ರಚಿಸಿದನೆಂಬುದು ಪರಂಪರೆ. ಪೈಶಾಚಿಗೆ ಭೂತಭಾಷೆಯೆಂದೂ ಹೆಸರು. ಎಂದರೆ ಈ ಕಥೆಗಳ ನುಡಿಯೇ ಭೂತಗಳ ನುಡಿ. ಕಾಶ್ಮೀರದ ಸೋಮದೇವನು ಹನ್ನೊಂದನೆಯ ಶತಮಾನದಲ್ಲಿ ಸೂರ್ಯಮತಿ ರಾಣಿಯ ವಿನೋದಕ್ಕಾಗಿ ಬರೆದ ಕಥಾಸರಿತ್ಸಾಗರದ ಆರಂಭದಲ್ಲಿ ಈ ಗ್ರಂಥದ ಹುಟ್ಟಿನ ಕಥೆ ಬರುತ್ತದೆ. ಶಿವನು ಪಾರ್ವತಿಗೆ ಏಕಾಂತದಲ್ಲಿ ಹೇಳಿದ ಕಥೆಯನ್ನು ಪುಷ್ಪದಂತನೆಂಬ ಗಣನು ಕದ್ದು ಕೇಳಿದನು. ಶಾಪಗ್ರಸ್ತನಾಗಿ ವರರುಚಿಯಾಗಿ ಹುಟ್ಟಿ, ವಿಂಧ್ಯಾಟವಿಯಲ್ಲಿದ್ದ ಕಾಣಭೂತಿಯೆಂಬ ಪಿಶಾಚನಿಗೆ ಅದನ್ನು ಹೇಳಿದನು. ಆ ಪಿಶಾಚನಿಂದ ಗುಣಾಢ್ಯನು ಕೇಳಿದನು. ಗಮನಿಸಿರಿ: ಈ ಸರಪಳಿಯಲ್ಲಿ ಓದಿ ತಿಳಿದವರು ಒಬ್ಬರೂ ಇಲ್ಲ. ಎಲ್ಲರೂ ಕೇಳಿದವರೇ, ಮೊದಲನೆಯವನಂತೂ ಕದ್ದು ಕೇಳಿದವನು. ನಡುವಿನ ಕೊಂಡಿಯು ಸ್ವತಃ ಒಂದು ಪಿಶಾಚ.

ಮುಂದಿನ ಭಾಗವು ಇನ್ನೂ ಸ್ವಾರಸ್ಯವಾದುದು. ಗುಣಾಢ್ಯನು ತನ್ನ ರಕ್ತದಿಂದ ಬರೆದ ಏಳು ಲಕ್ಷ ಶ್ಲೋಕಗಳ ಗ್ರಂಥವನ್ನು ರಾಜನು ಪಿಶಾಚಭಾಷೆಯದೆಂದು ತಿರಸ್ಕರಿಸಿದನು. ಖಿನ್ನನಾದ ಕವಿಯು ಕಾಡಿನಲ್ಲಿ ಅಗ್ನಿಕುಂಡವನ್ನು ಮಾಡಿ, ಒಂದೊಂದೇ ಹಾಳೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕತೊಡಗಿದನು. ಮೃಗಪಕ್ಷಿಗಳು ಮೇವನ್ನು ಮರೆತು, ಸುತ್ತಲೂ ನಿಂತು, ಕಣ್ಣೀರು ಸುರಿಸುತ್ತ ಕೇಳಿದುವು. ಅತ್ತ ಅರಮನೆಯಲ್ಲಿ ರಾಜನಿಗೆ ಬಡಿಸಿದ ಮಾಂಸವು ಒಣಗಿ ಸತ್ತ್ವಹೀನವಾಯಿತು. ಕಾರಣವೇನೆಂದು ವಿಚಾರಿಸಲು, ಕಾಡಿನ ಪ್ರಾಣಿಗಳು ಮೇಯುವುದನ್ನು ಬಿಟ್ಟು ಕಥೆ ಕೇಳುತ್ತಿವೆಯೆಂದು ಬೇಡರು ತಿಳಿಸಿದರು. ರಾಜನು ಧಾವಿಸಿ ಬರುವ ಹೊತ್ತಿಗೆ ಆರು ಲಕ್ಷ ಶ್ಲೋಕಗಳು ಬೂದಿಯಾಗಿದ್ದುವು. ಒಂದು ಲಕ್ಷ ಉಳಿಯಿತು. ಇದು ಕಟ್ಟುಕಥೆಯೆಂಬುದನ್ನು ಹೇಳಬೇಕಾಗಿಲ್ಲ. ಆದರೆ ಗಟ್ಟಿಯಾಗಿ ಓದುವುದೂ ಕೇಳುವುದೂ ಎಂತಹ ಬಲವುಳ್ಳ ಕ್ರಿಯೆಗಳೆಂದು ಆ ಕಾಲದವರು ತಿಳಿದಿದ್ದರೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪ್ರಮಾಣವು ನಮಗೆ ಕಾಣದು. ರಾಜನು ಪುಸ್ತಕವನ್ನು ನೋಡಿ ತಿರಸ್ಕರಿಸಿದನು. ಕೇಳಿದ್ದರೆ ತಿರಸ್ಕರಿಸುತ್ತಿರಲಿಲ್ಲವೆಂಬುದು ಕಥೆಯ ಇಂಗಿತ.

ಕರ್ನಾಟಕಕ್ಕೂ ಈ ಗ್ರಂಥಕ್ಕೂ ಸಂಬಂಧವು ಹಳೆಯದು. ಗಂಗವಂಶದ ದುರ್ವಿನೀತನು ವಡ್ಡಕಥೆಯನ್ನು ದೇವಭಾಷೆಯಲ್ಲಿ ರಚಿಸಿದನೆಂದು ಗುಮ್ಮರೆಡ್ಡಿಪುರದ ತಾಮ್ರಶಾಸನವು ಹೇಳುತ್ತದೆ. ಚಾಲುಕ್ಯ ಜಯಸಿಂಹನ ಕಾಲದ ದುರ್ಗಸಿಂಹನು ತನ್ನ ಪಂಚತಂತ್ರದ ಮೂಲವನ್ನು ವಸುಭಾಗಭಟ್ಟನ ಮೂಲಕ ಗುಣಾಢ್ಯನವರೆಗೆ ಒಯ್ಯುತ್ತಾನೆ.

ಕಥಾಸರಿತ್ಸಾಗರದ ಹನ್ನೆರಡನೆಯದಾದ ಶಶಾಂಕವತೀ ಲಂಬಕದಲ್ಲಿ ಬೇತಾಳ ಕಥೆಗಳು ಬರುತ್ತವೆ. ಅಲ್ಲಿ ರಾಜನ ಹೆಸರು ತ್ರಿವಿಕ್ರಮಸೇನ, ರಾಜಧಾನಿಯು ಗೋದಾವರಿಯ ದಡದ ಪ್ರತಿಷ್ಠಾನ. ಉಜ್ಜಯಿನಿಯ ವಿಕ್ರಮನು ಅನಂತರ ಆ ಸ್ಥಾನವನ್ನು ಆಕ್ರಮಿಸಿಕೊಂಡನು. ಕಪಟ ಭಿಕ್ಷುವಾದ ಕ್ಷಾಂತಿಶೀಲನ ಮಾತಿನಂತೆ ರಾಜನು ನಡುರಾತ್ರಿ ಶ್ಮಶಾನದ ಶಿಂಶಪಾ ವೃಕ್ಷದಿಂದ ಹೆಣವನ್ನಿಳಿಸಿ ಹೆಗಲಿಗೇರಿಸುವುದು, ಹೆಣದೊಳಗಿನ ಬೇತಾಳವು ದಾರಿಯ ಬೇಸರ ಕಳೆಯಲೆಂದು ಕಥೆ ಹೇಳುವುದು, ಕೊನೆಯಲ್ಲಿ ಒಗಟನ್ನೊಡ್ಡುವುದು, ಉತ್ತರ ತಿಳಿದೂ ಸುಮ್ಮನಿದ್ದರೆ ತಲೆ ಸಿಡಿಯುವುದೆನ್ನುವುದು, ರಾಜನು ಬಾಯ್ತೆರೆದೊಡನೆ ಮರಕ್ಕೆ ಹಿಂದಿರುಗುವುದು: ಇದನ್ನು ಅರಿಯದ ಕನ್ನಡಿಗರು ವಿರಳ.

ಹಟ್ಟಿಕೇರಿಯ ಜಗಲಿಯಲ್ಲಿ ಕುಳಿತು ಕೇಳುವವರೆಗೆ ನಮಗೆ ಹೊಳೆಯದಿದ್ದ ಅಂಶವೊಂದುಂಟು. ನಮ್ಮ ಕಡೆ ಕಥೆ ಹೇಳುವಾಗ ಕೇಳುವವರು ಹೂಂಗುಡಬೇಕು. ಹೂಂಗುಡುವವರಿಲ್ಲದಿದ್ದರೆ ಕಥೆ ನಿಂತುಹೋಗುತ್ತದೆ. ಬೇತಾಳನ ಕಥೆಯ ಕಟ್ಟಳೆಯು ಇದಕ್ಕೆ ನೇರ ವಿರುದ್ಧವಾದುದು: ಇಲ್ಲಿ ಕೇಳುವವನು ತುಟಿ ಬಿಚ್ಚಿದರೆ ಕಥೆಗಾರನೇ ಪರಾರಿ. ಆ ರಾತ್ರಿ ಓದು ನಡೆಯುವಷ್ಟು ಹೊತ್ತೂ ಮಕ್ಕಳು ಹೂಂ ಹೂಂ ಎನ್ನುತ್ತಿದ್ದರು. ಬೇತಾಳವು ಪ್ರಶ್ನೆ ಕೇಳುವ ಘಟ್ಟಕ್ಕೆ ಬಂದೊಡನೆ ಒಬ್ಬರೂ ಉಸಿರೆತ್ತಲಿಲ್ಲ. ಅಲ್ಲಿಯೇ ಓದುವವರು ಪುಸ್ತಕದಿಂದ ತಲೆಯೆತ್ತಿ, ಒಬ್ಬೊಬ್ಬರ ಮುಖವನ್ನೂ ನೋಡಿ, ಬೇಕೆಂದೇ ತಡಮಾಡಿದರು. ಮಾಡಿನಿಂದ ಸುರಿಯುವ ನೀರಿನ ಸದ್ದೊಂದೇ. ಕೇಳುವವರೆಲ್ಲರೂ ಆ ಕ್ಷಣದಲ್ಲಿ ಹೆಣ ಹೊತ್ತ ರಾಜರೇ ಆಗಿದ್ದರು. ಒಬ್ಬಂಟಿಯಾಗಿ ಕಣ್ಣಿನಿಂದ ಓದುವವನು ಈ ಮೌನವನ್ನು ಪಡೆಯಲಾರ. ಅವನು ಹಾಳೆ ಮಗುಚಿ ಉತ್ತರವನ್ನು ನೋಡಿಬಿಡುತ್ತಾನೆ. ಓದುಗನಿಗೆ ಕಥೆಯ ವೇಗವು ತನ್ನ ಕೈಯಲ್ಲಿದೆ, ಕೇಳುಗನಿಗೆ ಇಲ್ಲ. ಭಯಾನಕವು ರಸವಾಗುವುದಕ್ಕೆ ಈ ಪರಾಧೀನತೆಯು ದೊಡ್ಡ ಕಾರಣವೆಂದು ನಮ್ಮ ಅಭಿಪ್ರಾಯ.

ಇನ್ನೊಂದು ಸಾಕ್ಷ್ಯವು ಪಾಠದಲ್ಲಿಯೇ ಇದೆ. ಕೊನೆಯ ಒಗಟಿಗೆ ರಾಜನಿಗೆ ಉತ್ತರ ಹೊಳೆಯದೆ ಅವನು ಮೌನವಾಗಿ ನಡೆಯುತ್ತಾನೆ. ಮೆಚ್ಚಿದ ಬೇತಾಳವು ಭಿಕ್ಷುವಿನ ಕುತಂತ್ರವನ್ನು ತಿಳಿಸುತ್ತದೆ. ರಾಜನು ಭಿಕ್ಷುವನ್ನು ಕೊಲ್ಲುತ್ತಾನೆ. ಅನಂತರ ರಾಜನು ಬೇಡುವ ವರವು ರಾಜ್ಯವಲ್ಲ, ಈ ಕಥೆಗಳು ಲೋಕದಲ್ಲಿ ಪ್ರಸಿದ್ಧವಾಗಲೆಂಬುದು. ಇವನ್ನು ಹೇಳಿದವರೂ ಕೇಳಿದವರೂ ಪಾಪಮುಕ್ತರಾಗುವರು, ಇವು ಎಲ್ಲಿ ಪಠಿತವಾಗುವುವೋ ಅಲ್ಲಿ ಯಕ್ಷ, ಬೇತಾಳ, ಕೂಶ್ಮಾಂಡ, ಡಾಕಿನೀ, ರಾಕ್ಷಸರ ಬಲವು ನಡೆಯದು ಎಂಬ ಅರ್ಥದ ಫಲಶ್ರುತಿಯಿಂದ ಪ್ರಕರಣವು ಮುಗಿಯುತ್ತದೆ. ಫಲಶ್ರುತಿಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಓದದೆ ದಾಟುತ್ತಾರೆ. ಇಲ್ಲಿ ದಾಟಬಾರದು. ದೆವ್ವದ ಕಥೆಯನ್ನು ಗಟ್ಟಿಯಾಗಿ ಓದುವಲ್ಲಿಗೆ ದೆವ್ವ ಬರಲಾರದು! ಕೇಳುಗರು ನಿರಾತಂಕವಾಗಿ ಹೆದರಬಹುದೆಂಬ ಅಭಯಪತ್ರವಿದು. ಸಾವಿರ ವರ್ಷಗಳಷ್ಟು ಹಿಂದೆಯೇ ನಮ್ಮವರು ನಂಬುವುದಕ್ಕೂ ಕೇಳುವುದಕ್ಕೂ ನಡುವೆ ಗೆರೆ ಎಳೆದಿದ್ದರು. ಗ್ಯಾಸೆಟಿಯರಿನ ಲೇಖಕರು ಅದನ್ನು ಕಾಣಲಿಲ್ಲ.

ಕನ್ನಡದ ಪ್ರಾಚೀನ ಕವಿಗಳಲ್ಲಿ ಈ ರಸವನ್ನು ಕಿವಿಗಾಗಿಯೇ ಹದಗೊಳಿಸಿದವನು ರನ್ನ. ಗದಾಯುದ್ಧದಲ್ಲಿ ದುರ್ಯೋಧನನು ಸಂಜಯನೊಡನೆ ಕುರುಕ್ಷೇತ್ರದ ಹೆಣಗಳ ನಡುವೆ ನಡೆದು ಬರುವಾಗ ಮರುಳುಗಳು ಅವನನ್ನು ಅಣಕಿಸುತ್ತವೆ. ಹಳಗನ್ನಡದಲ್ಲಿ ಮರುಳ್ ಎಂದರೆ ಪಿಶಾಚಿಯೂ ಹೌದು, ಬುದ್ಧಿಗೆಟ್ಟವನೂ ಹೌದು. ಇಬ್ಬರಲ್ಲಿ ಮರುಳು ಯಾರೆಂಬ ಪ್ರಶ್ನೆಯನ್ನು ಕವಿಯು ಈ ಶ್ಲೇಷೆಯಿಂದ ಎಬ್ಬಿಸುತ್ತಾನೆ. ಗಮಕಿಯು ಒಂದೇ ಪದವನ್ನು ಎರಡು ದನಿಗಳಲ್ಲಿ ಒತ್ತಿ ಹೇಳಿದಾಗ ಸಭೆಯಲ್ಲಿ ನಗೆಯೂ ನಡುಕವೂ ಒಟ್ಟಿಗೆ ಹುಟ್ಟುವುದನ್ನು ಬಲ್ಲವರು ಬಲ್ಲರು; ಪಾಠಪುಸ್ತಕದ ಅಡಿಟಿಪ್ಪಣಿಯಲ್ಲಿ ಎರಡು ಅರ್ಥಗಳನ್ನೂ ಕೊಟ್ಟರೆ ಅದು ಹುಟ್ಟುವುದಿಲ್ಲ. ಜನ್ನನ ಯಶೋಧರಚರಿತೆಯಲ್ಲಿ (1209) ಚಂಡಮಾರಿಯ ಗುಡಿಯ ಭೀಕರ ಚಿತ್ರವಿದೆ. ಅಲ್ಲಿಗೆ ಬಲಿಗಾಗಿ ತಂದ ಬಾಲಕನು ತನ್ನ ಹಿಂದಿನ ಜನ್ಮಗಳ ಕಥೆಯನ್ನು ಹೇಳಿ, ಕೊಲ್ಲಲು ನಿಂತ ಮಾರಿದತ್ತನ ಕೈಯನ್ನು ತಡೆಯುತ್ತಾನೆ. ರಾಘವಾಂಕನ ಹರಿಶ್ಚಂದ್ರನ ಶ್ಮಶಾನವನ್ನು ಹೆಸರಿಸಿದರೆ ಸಾಕು.

ಈ ಕರಾವಳಿಯಲ್ಲಿ ಬೇತಾಳನೆಂದರೆ ಕಥೆಯ ಪಿಶಾಚಿ ಮಾತ್ರವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಕಾರವಾರ ತಾಲ್ಲೂಕಿನ ಮಾಜಾಳಿಯನ್ನು ದಾಟಿದರೆ ಗೋವೆಯ ಪೋಳೆ, ಲೋಲಿಯೆಗಳು. ಲೋಲಿಯೆಯಲ್ಲಿ ಬೇತಾಳನ ದೊಡ್ಡ ಶಿಲಾಮೂರ್ತಿಯಿದೆ. ಗೋವೆಯ ಅಮೋಣೆಯಲ್ಲಿ ಅವನ ದೇವಸ್ಥಾನವು ಪ್ರಸಿದ್ಧವಾದುದು. ಅಲ್ಲಿ ಅವನು ಗ್ರಾಮರಕ್ಷಕ, ಪೂಜ್ಯ. ಒಂದೇ ಹೆಸರು ಗುಡಿಯಲ್ಲಿ ದೇವರಾಗಿಯೂ ಜಗಲಿಯಲ್ಲಿ ಕಥೆಗಾರನಾಗಿಯೂ ಇರುವುದು ಜನರಿಗೆ ತೊಡಕೆನಿಸಿಲ್ಲ. ತೊಡಕು ನಮಗೆ, ಪಟ್ಟಿ ಮಾಡುವವರಿಗೆ.

ಪಟ್ಟಿ ಮಾಡುವವರ ಕೈಗೆ ಬಂದಾಗ ಬೇತಾಳನ ಗತಿಯೇನಾಯಿತೆಂಬುದು ವಿನೋದದ ವಿಷಯ. 1805ರಲ್ಲಿ ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನವರು ಬೈತಾಲ ಪಚೀಸಿಯನ್ನು ಮುದ್ರಿಸಿ, ಹಿಂದೂಸ್ತಾನಿಯನ್ನು ಕಲಿಯಬೇಕಾದ ಇಂಗ್ಲಿಷ್ ಅಧಿಕಾರಿಗಳಿಗೆ ಪಠ್ಯವನ್ನಾಗಿ ಮಾಡಿದರು. ಪರೀಕ್ಷೆಗಾಗಿ ಓದಿದ ಆ ತರುಣರಿಗೆ ಬೇತಾಳನಿಗಿಂತ ವ್ಯಾಕರಣದ ಭಯವೇ ಹೆಚ್ಚಾಗಿದ್ದಿರಬೇಕು. 1870ರಲ್ಲಿ ರಿಚರ್ಡ್ ಬರ್ಟನ್ ಈ ಕಥೆಗಳನ್ನು ಸ್ವೇಚ್ಛೆಯಿಂದ ಹಿಗ್ಗಿಸಿ ಇಂಗ್ಲಿಷಿಗೆ ತಂದು, ಬೇತಾಳನನ್ನು ರಕ್ತಹೀರುವ 'ವ್ಯಾಂಪೈರ್' ಎಂದು ಕರೆದನು. ನಮ್ಮ ಬೇತಾಳನು ರಕ್ತವನ್ನು ಹೀರುವವನಲ್ಲ, ಧರ್ಮಸೂಕ್ಷ್ಮವನ್ನು ಕೇಳುವವನು.

ಪಶ್ಚಿಮದವರಿಗೆ ಈ ಶ್ರವಣಸುಖವು ತಿಳಿಯದೆಂದು ಹೇಳಿದರೆ ಅನ್ಯಾಯವಾದೀತು. ಹಳೆಯ ಹಸ್ತಪ್ರತಿಗಳ ಮಹಾವಿದ್ವಾಂಸನಾದ ಎಂ. ಆರ್. ಜೇಮ್ಸ್ 1893ರ ಅಕ್ಟೋಬರಿನಲ್ಲಿ ಕೇಂಬ್ರಿಜಿನ ಗೆಳೆಯರ ಕೂಟವೊಂದರಲ್ಲಿ ತನ್ನ ದೆವ್ವದ ಕಥೆಗಳನ್ನು ಮೊದಲು ಓದಿದನು. ಅನಂತರ ಕಿಂಗ್ಸ್ ಕಾಲೇಜಿನ ತನ್ನ ಕೋಣೆಯಲ್ಲಿ ಕ್ರಿಸ್ಮಸ್ಸಿನ ರಾತ್ರಿಗಳಲ್ಲಿ ಮೇಣದಬತ್ತಿಯ ಬೆಳಕಿನಲ್ಲಿ ಓದುವುದು ವಾಡಿಕೆಯಾಯಿತು, ಪುಸ್ತಕವಾದುದು 1904ರಲ್ಲಿ. ಅವರಿಗೆ ಹಿಮದ ಚಳಿ, ನಮಗೆ ಆಷಾಢದ ಮಳೆ. ದೋಣಿಗಳು ದಡಕ್ಕೇರಿ, ಬಯಲಾಟದ ಮೇಳಗಳು ಗೆಜ್ಜೆ ಬಿಚ್ಚಿ, ತಾಳಮದ್ದಳೆಗೂ ಪುರಾಣ ಓದಿಗೂ ಬಿಡುವಾಗುವ ಕಾಲವದು.

ಇಲ್ಲಿ ಕಾರವಾರಕ್ಕೆ ಸಂಬಂಧಿಸಿದ ಒಂದು ಮಾತನ್ನು ಪ್ರಾಸಂಗಿಕವಾಗಿ ಹೇಳಬಹುದು. ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ತರುಣ ರವೀಂದ್ರನಾಥ ಠಾಕೂರರು ತಂಗಿ, ಕಾರವಾರದಲ್ಲಿ ಒಂದು ನಾಟಕವನ್ನು ಬರೆದರೆಂಬುದು ಎಲ್ಲರಿಗೂ ತಿಳಿದಿದೆ. ಇದೇ ಅಣ್ಣನೊಡನೆ ಅಹಮದಾಬಾದಿನ ಶಾಹೀಬಾಗಿನ ಹಳೆಯ ಅರಮನೆಯಲ್ಲಿದ್ದ ನೆನಪು 1895ರ 'ಕ್ಷುಧಿತ ಪಾಷಾಣ'ವೆಂಬ ಭೂತಕಥೆಯಾಯಿತು. ಆ ಕಥೆಯೂ ಕೇಳಿದ ಕಥೆಯೇ. ರೈಲ್ವೆ ನಿಲ್ದಾಣದಲ್ಲಿ ಅಪರಿಚಿತನೊಬ್ಬನು ಹೇಳತೊಡಗುತ್ತಾನೆ. ಮುಖ್ಯ ರಹಸ್ಯವನ್ನು ಬಿಚ್ಚುವಷ್ಟರಲ್ಲಿ ಗಾಡಿ ಬಂದು ಕಥೆಯು ಅರ್ಧಕ್ಕೇ ಕಡಿಯುತ್ತದೆ.

ಕನ್ನಡ ಮಕ್ಕಳ ಪಾಲಿಗೆ ಬೇತಾಳನನ್ನು ಹೊಸದಾಗಿ ತಂದುಕೊಟ್ಟದ್ದು 1949ರಲ್ಲಿ ಕನ್ನಡದಲ್ಲಿ ಆರಂಭವಾದ ಚಂದಮಾಮ. ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಹೊರಳಿ ನೋಡುವ ರಾಜ. ಶಂಕರ್ ಎಂಬ ಹೆಸರಿನಿಂದ ಚಿತ್ರಿಸುತ್ತಿದ್ದ ಕೆ. ಸಿ. ಶಿವಶಂಕರನ್ (1924-2020) ಅವರ ಆ ಚಿತ್ರವು ಒಂದೆರಡು ತಲೆಮಾರುಗಳ ಮನಸ್ಸಿನಲ್ಲಿ ಅಚ್ಚೊತ್ತಿದೆ. ಮೂಲದ ಇಪ್ಪತ್ತೈದು ಕಥೆಗಳು ಮುಗಿದ ಮೇಲೂ ಸಂಪಾದಕರು ಬೇತಾಳನ ಬಾಯಲ್ಲಿ ಹೊಸ ಹೊಸ ಕಥೆಗಳನ್ನು ಹೇಳಿಸುತ್ತಲೇ ಹೋದರು. ಆದುದರಿಂದ ಅಲ್ಲಿ ರಾಜನು ಶ್ಮಶಾನವನ್ನು ತಲಪಲೇ ಇಲ್ಲ. ಒಂದು ಪ್ರತಿಯನ್ನು ಕೇರಿಗೆ ಕೇರಿಯೇ ಓದಿಸಿ ಕೇಳುತ್ತಿದ್ದುದನ್ನು ಹಿರಿಯರು ನೆನೆಯುತ್ತಾರೆ. 1985ರಲ್ಲಿ ದೂರದರ್ಶನದಲ್ಲಿ ವಿಕ್ರಮ ಬೇತಾಳರ ಧಾರಾವಾಹಿ ಬಂದಿತು. ಅದರ ಬೇತಾಳನಿಗೆ ಬಿಳಿಯ ಕೂದಲೂ ನಿಶ್ಚಿತವಾದ ಒಂದು ಮುಖವೂ ದೊರೆತುವು. ಹಟ್ಟಿಕೇರಿಯ ಆರು ಮಕ್ಕಳ ತಲೆಯಲ್ಲಿ ಆರು ಬೇತಾಳಗಳಿದ್ದುವು. ಚಂದಮಾಮವಾದರೋ ಈ ಶತಮಾನದ ಎರಡನೆಯ ದಶಕದಲ್ಲಿ ನಿಂತುಹೋಯಿತು.

ಈ ಬಗೆಯ ಕಥೆಗಳನ್ನು ಉಳಿಸಿಕೊಳ್ಳುವುದೆಂದರೆ ಮೂಢನಂಬಿಕೆಗೆ ನೀರೆರೆದಂತಲ್ಲವೆ ಎಂಬ ಆಕ್ಷೇಪವುಂಟು. ಇದನ್ನು ಹಗುರವಾಗಿ ಕಾಣುವಂತಿಲ್ಲ. ದೆವ್ವ ಬಿಡಿಸುವುದಾಗಿ ಹೊಡೆತ ತಿಂದವರು, ಮಾಟಗಾತಿಯೆಂಬ ಹೆಸರು ಹೊತ್ತು ಊರು ಬಿಟ್ಟವರು ನಮ್ಮ ದೇಶದಲ್ಲಿ ಇದ್ದಾರೆ; ಅವರಲ್ಲಿ ಹೆಂಗಸರೇ ಹೆಚ್ಚು. ಕರ್ನಾಟಕ ವಿಧಾನಮಂಡಲವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಗಟ್ಟುವ ಮಸೂದೆಯನ್ನು ಅಂಗೀಕರಿಸಿದುದು ಸಕಾರಣವಾಗಿಯೇ. 2020ರಲ್ಲಿ ಅದು ಜಾರಿಗೆ ಬಂದಿತು. ಆದರೆ ಕಥೆಯ ಬೇತಾಳನು ಯಾರ ಮೇಲೂ ಬರುವುದಿಲ್ಲ, ಯಾರತ್ತವೂ ಬೆರಳು ತೋರುವುದಿಲ್ಲ. ಈ ಕಥೆಗಳಲ್ಲಿ ವಂಚಕನು ಯಾರು? ಮಂತ್ರಸಾಧನೆಗಾಗಿ ಇನ್ನೊಬ್ಬನ ತಲೆಯನ್ನು ಬಯಸಿದ ಸಂನ್ಯಾಸಿ, ದೆವ್ವವಲ್ಲ. ವಾಮಾಚಾರಿಯ ಗುಟ್ಟನ್ನು ಹೊರಗೆಡಹುವುದೇ ದೆವ್ವ. ಮಕ್ಕಳಿಗೆ ಇದನ್ನು ಓದಿಹೇಳಲು ಅಂಜುವ ಶಿಕ್ಷಕರು ಕಥೆಯನ್ನು ಕೊನೆಯವರೆಗೆ ಕೇಳಿಲ್ಲವೆಂದೇ ತಿಳಿಯಬೇಕು.

ಹಾಗೆ ನೋಡಿದರೆ ಹಟ್ಟಿಕೇರಿಯ ಮಕ್ಕಳೂ ಕೊನೆಯವರೆಗೆ ಕೇಳಿರಲಿಲ್ಲ. ಅಲ್ಲಿಯ ಪ್ರತಿಯಲ್ಲಿ ಕಡೆಯ ಹಾಳೆಗಳೇ ಇರಲಿಲ್ಲ. ಗೆದ್ದಲು ತಿಂದಿತೋ, ಯಾವ ಕಾಲದಲ್ಲಿ ಹರಿದುಹೋಯಿತೋ. ಓದಿದವರಿಗೆ ಮುಂದಿನದು ಬಾಯಲ್ಲೇ ಬರುತ್ತಿತ್ತಾದರೂ ಅವರು ಹೇಳುತ್ತಿರಲಿಲ್ಲ. ಹರಿದ ಹಾಳೆಯ ಹತ್ತಿರಕ್ಕೆ ಬಂದಾಗ ಮತ್ತೆ ಮೊದಲಿನಿಂದ ಓದುತ್ತಿದ್ದರು. ಮರುವರ್ಷ ನಾವು ಪೂರ್ಣವಾದ ಒಂದು ಹೊಸ ಮುದ್ರಣವನ್ನು ಕೊಂಡೊಯ್ದೆವು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಮಾಡದ ಗೂಡಿನಲ್ಲಿಟ್ಟು, ಹಳೆಯದನ್ನೇ ತೆಗೆದುಕೊಂಡು ಕುಳಿತರು. ಅಂದು ಓದು ನಡೆದಿದ್ದಾಗ ಕರೆಂಟು ಬಂದಿತು. ಜಗಲಿಯ ಬಲ್ಬು ಉರಿದು ಎಲ್ಲರೂ ಕಣ್ಣು ಕಿವುಚಿಕೊಂಡರು. ಹಿಂದಿನ ವರ್ಷ ಅಜ್ಜಿಯ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದ ಹುಡುಗಿಯೊಬ್ಬಳು ಎದ್ದು ಹೋಗಿ ಗುಂಡಿಯನ್ನು ಒತ್ತಿ, ಕತ್ತಲೆ ಮಾಡಿ ಬಂದು ಕುಳಿತು, "ಹೂಂ, ಓದು ಅಜ್ಜಾ" ಎಂದಳು.